ಬೇಬಿ ಕ್ಲಾಸಿನಿಂದ ಮೇಜರ್‌ವರೆಗೆ

ಸೋಲೂರಿನಲ್ಲಿ ಕುಣಿಗಲ್ ಕಡೆಯ ಕೆಂಪು ಬಸ್ಸು ಹತ್ತಿದ ತಾಯಿಗೆ ಈಗ ಟಿಕೆಟ್ಟಿನ ಚಿಂತೆಯಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆದರೆ ಅವಳ ಸೆರಗು ಹಿಡಿದು ನಿಂತ ಗಂಡುಮಗುವಿನ ಮೇಲೆ ಕಂಡಕ್ಟರ್ ಕಣ್ಣು ಬೀಳುತ್ತದೆ. "ಏನಮ್ಮಾ, ಮಗೀಗೆ ಎಷ್ಟು ವರ್ಸ?" "ಇನ್ನೂ ಆರು ತುಂಬಿಲ್ಲ ಕಣಣ್ಣ." ಆರು ತುಂಬದಿದ್ದರೆ ಪುಕ್ಕಟೆ, ಹನ್ನೆರಡರವರೆಗೆ ಹಾಫ್ ಟಿಕೆಟ್, ಆಮೇಲೆ ಫುಲ್. ಹಾಸನ ಮಾರ್ಗದ ರೈಲು ಹತ್ತಿದರೆ ಲೆಕ್ಕ ಬೇರೆ. ಅಲ್ಲಿ ಐದು ತುಂಬಿದ ಕೂಡಲೇ ಅರ್ಧ ಚಾರ್ಜು. ಐದೂವರೆ ವರ್ಷದ ಒಂದೇ ಹುಡುಗ ಬಸ್ಸಿನಲ್ಲಿ ಕೂಸು, ರೈಲಿನಲ್ಲಿ ಪ್ರಯಾಣಿಕ.

ಮಾಗಡಿ ಸೀಮೆಯ ಮನೆಗಳಲ್ಲಿ ಮಕ್ಕಳ ವಯಸ್ಸನ್ನು ಹೇಳುತ್ತಿದ್ದುದು ಮೈಯ ಗುರುತಿನಿಂದ. ಹಸುಗೂಸು, ಅಂಬೆಗಾಲಿಡುವ ಮಗು, ಹಾಲುಹಲ್ಲು ಬಿದ್ದ ಹೈದ, ಮೀಸೆ ಚಿಗುರಿದ ಹುಡುಗ, ದೊಡ್ಡೋಳಾದ ಹುಡುಗಿ. ಹುಟ್ಟಿದ ತಾರೀಖು ಯಾರಿಗೂ ಬೇಕಿರಲಿಲ್ಲ. ಹಾಫ್ ಟಿಕೆಟ್, ಎಲ್‌ಕೆಜಿ, ಟೀನೇಜ್, ಮೈನರ್, ಮೇಜರ್ ಎಂಬ ಇಂಗ್ಲಿಷ್ ಮಾತುಗಳು ಬಸ್ಸು, ಶಾಲೆ, ಕಚೇರಿ, ಕೋರ್ಟುಗಳ ಜೊತೆ ಊರಿಗೆ ಬಂದವು. ಇವಕ್ಕೆಲ್ಲ ತಾರೀಖು ಬೇಕು. ಒಂದು ದಿನ ಹೆಚ್ಚುಕಡಿಮೆಯಾದರೂ ಮಗುವಿನ ಹಕ್ಕು ಬದಲಾಗುತ್ತದೆ.

ಶಾಲೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬೇಬಿ ಕ್ಲಾಸ್, ನರ್ಸರಿ, ಎಲ್‌ಕೆಜಿ, ಯುಕೆಜಿ ಎಂಬ ಮೆಟ್ಟಿಲುಗಳು ಈಗ ಹಳ್ಳಿಯ ತಾಯಂದಿರ ಬಾಯಲ್ಲೂ ಸಲೀಸು. ಇದರಲ್ಲಿನ 'ಕೆಜಿ' ಅಂದರೆ ಕಿಂಡರ್‌ಗಾರ್ಟನ್, ಜರ್ಮನಿಯ ಫ್ರೋಬೆಲ್ 1837ರಲ್ಲಿ ತೆರೆದ ಶಿಶುಶಾಲೆಯ ಪರಂಪರೆಯದು. ಅಂಗನವಾಡಿ ಬಂದದ್ದು 1975ರಲ್ಲಿ, ಆರು ವರ್ಷದೊಳಗಿನ ಮಕ್ಕಳಿಗಾಗಿ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ತುಂಬಿರಬೇಕೆಂಬ ನಿಯಮವನ್ನು ಕರ್ನಾಟಕ ತಂದಾಗ, ಯುಕೆಜಿ ಮುಗಿಸಿದರೂ ಆರು ತುಂಬದ ಮಕ್ಕಳ ತಂದೆತಾಯಿ ಕಂಗಾಲಾದರು. 2025–26ನೇ ಸಾಲಿಗೆ ಮಾತ್ರ ಸರ್ಕಾರ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಕೊಟ್ಟಿತು.

ಟೀನೇಜರ್ ಎಂಬ ಮಾತಿನ ವಯಸ್ಸು ಹೆಚ್ಚಿಲ್ಲ. ಅಮೆರಿಕದಲ್ಲಿ ಅದು ಮನೆಮಾತಾದದ್ದು 1940ರ ದಶಕದಲ್ಲಿ. ಹದಿಮೂರರಿಂದ ಹತ್ತೊಂಬತ್ತರವರೆಗೆ ಅದರ ಹರವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅಡೋಲಸೆಂಟ್ ಎಂದರೆ ಹತ್ತರಿಂದ ಹತ್ತೊಂಬತ್ತು. ಅಡೋಲಸೆಂಟ್ ಎಂಬುದು ನಮ್ಮ ಊರುಗಳಲ್ಲಿ ಯಾರೂ ಆಡದ ಮಾತು. ಆದರೂ ರಾಮನಗರದ ಸುತ್ತಿನ ಮಕ್ಕಳ ಬಾಳಿಗೆ ಇದರಷ್ಟು ಹತ್ತಿರದ ಮಾತು ಇನ್ನೊಂದಿಲ್ಲ.

ಕಾರಣ ರೇಷ್ಮೆ. ನೂಲು ಬಿಚ್ಚುವ ಘಟಕದಲ್ಲಿ ಗೂಡುಗಳು ಬಿಸಿನೀರಿನಲ್ಲಿ ಬೇಯುತ್ತವೆ. ಆ ನೀರಿಗೆ ಬೆರಳದ್ದಿ ಎಳೆಯ ತುದಿ ಹುಡುಕಬೇಕು. ದಿನವಿಡೀ ಇದೇ ಕೆಲಸ ಮಾಡಿದವರ ಅಂಗೈ ಬಿಳಿಚಿಕೊಂಡು ಚರ್ಮ ಸುಲಿಯುತ್ತದೆ, ಸತ್ತ ಹುಳುವಿನ ವಾಸನೆ ಬಟ್ಟೆಯಲ್ಲೇ ಉಳಿಯುತ್ತದೆ. ಮುಂಗಡ ಹಣಕ್ಕೆ ಮಕ್ಕಳನ್ನು ಇಂಥ ಕಡೆ ದುಡಿಸುತ್ತಿದ್ದ ಸಂಗತಿ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿಯ ಮೂಲಕ ಲೋಕಕ್ಕೆಲ್ಲ ತಿಳಿಯಿತು. ಆಗಿನ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರೊಳಗಿನವರನ್ನಷ್ಟೇ ಮಕ್ಕಳೆಂದು ಕಾಣುತ್ತಿತ್ತು. ಹದಿನಾಲ್ಕು ತುಂಬಿದ ಹುಡುಗಿ ಅದರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. 2016ರ ತಿದ್ದುಪಡಿ ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅಡೋಲಸೆಂಟ್ ಎಂದು ಹೆಸರಿಸಿ, ಅಪಾಯಕಾರಿ ಕೆಲಸಕ್ಕೆ ಅವರನ್ನು ಹಚ್ಚಬಾರದೆಂದಿತು. ಇದು ತಡವಾಗಿ ಬಂದ ರಕ್ಷಣೆ. ಬಂದದ್ದು ಮಾತ್ರ ದೊಡ್ಡ ಗೆಲುವು.

ಮೈನರ್ ಎಂಬುದಂತೂ ಅಚ್ಚ ಹಳ್ಳಿಯ ಮಾತೇ ಆಗಿಹೋಗಿದೆ. ಜಮೀನಿನ ಕಾಗದಪತ್ರದಲ್ಲಿ 'ಮೈನರ್ ಗಾರ್ಡಿಯನ್' ಎಂದು ಕಂಡರೆ ಕೊಳ್ಳುವವರು ಎಚ್ಚರವಾಗುತ್ತಾರೆ. ಮೈನರ್ ಹೆಸರಿನ ಸ್ವಂತ ಆಸ್ತಿಯನ್ನು ತಂದೆಯೇ ಆದರೂ ಕೋರ್ಟಿನ ಅನುಮತಿಯಿಲ್ಲದೆ ಮಾರುವಂತಿಲ್ಲ ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆ. ಮಾರಿದರೆ, ಮಗ ಮೇಜರ್ ಆದ ಮೂರು ವರ್ಷದೊಳಗೆ ದಾವೆ ಹೂಡಿ ಆ ಕ್ರಯವನ್ನು ರದ್ದು ಮಾಡಿಸಬಹುದು.

ಅಪರಾಧದ ಆರೋಪ ಹೊತ್ತ ಮಕ್ಕಳಿಗೆ ಕಾನೂನು ಇಟ್ಟ ಹೆಸರು ಜುವೆನೈಲ್. ಅದರ ಗಡಿ ಮೇಲಿಂದ ಮೇಲೆ ಜರುಗಿದೆ. 1986ರಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು. 2000ದಲ್ಲಿ ಇಬ್ಬರಿಗೂ ಹದಿನೆಂಟು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಹದಿನಾರು ದಾಟಿದವರು ಘೋರ ಅಪರಾಧ ಎಸಗಿದ ಆರೋಪವಿದ್ದರೆ ಬಾಲನ್ಯಾಯ ಮಂಡಳಿಯ ಪರಿಶೀಲನೆಯ ನಂತರ ವಯಸ್ಕರಂತೆ ವಿಚಾರಣೆಗೆ ಗುರಿಯಾಗಬಹುದು.

ಈ ಗಡಿಗಳಲ್ಲಿ ಊರವರೇ ಕಾಯಬೇಕಾದದ್ದು ಮದುವೆಯದು. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅದಕ್ಕೂ ಮುಂಚಿನ ಮದುವೆ ಮೊದಲಿನಿಂದಲೇ ಅಸಿಂಧು. "ನಮ್ ಮಗೀಗೆ ಹದಿನೆಂಟಾಯ್ತು" ಎಂದು ಮನೆಯವರು ಹೇಳಿದರೆ ಸಾಲದು, ದಾಖಲೆ ಬೇಕು. ವಯಸ್ಸಿನ ಬಗ್ಗೆ ಅನುಮಾನ ಬಂದಾಗ ಬಾಲನ್ಯಾಯ ಕಾಯ್ದೆಯಡಿ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆ ಕೊಟ್ಟ ಜನನ ಪತ್ರ. ಯಾವುದೂ ಇಲ್ಲದಿದ್ದರೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ದು ಮೂಳೆ ಪರೀಕ್ಷೆ ಮಾಡಿಸುತ್ತಾರೆ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿದ್ದರೆ ಆ ಪರೀಕ್ಷೆಯ ಗೊಡವೆಯೇ ಇರುವುದಿಲ್ಲ. ಎಳೆಯ ಹುಡುಗಿಯ ಮದುವೆಗೆ ಚಪ್ಪರ ಏಳುತ್ತಿದೆ ಎಂದು ಗೊತ್ತಾದರೆ ಯಾರು ಬೇಕಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.