ಮನ್ಸೂರರ ಕನ್ನಡ ನಮಗೆ ಕೇಳಿಸಲಿಲ್ಲವೇ?

(ವಿಜಯಪುರದಲ್ಲಿ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿಯುಸಿ ಓದಿ ಪ್ರೆಸ್ ಹಿಡಿದವ. ರಾಗದ ಲೆಕ್ಕ ನನಗೆ ತಿಳಿಯದು. ಆದರೆ ಕಚೇರಿಗಳ ಹ್ಯಾಂಡ್‌ಬಿಲ್ ಬಹಳ ಅಚ್ಚು ಹಾಕಿದ್ದೇನೆ. ಮೇಲೆ ದಪ್ಪಕ್ಷರದಲ್ಲಿ ‘ಹಿಂದೂಸ್ತಾನಿ ಶಾಸ್ತ್ರೀಯ ಗಾಯನ’, ಕೆಳಗೆ ಸಣ್ಣಕ್ಷರದಲ್ಲಿ ‘ಕೊನೆಯಲ್ಲಿ ವಚನ’. ಒಮ್ಮೆ ದಾನಿಗಳ ಫೋಟೋಕ್ಕೆ ಜಾಗ ಸಾಲದೆ ಸಂಘಟಕರು ಆ ಸಣ್ಣಕ್ಷರವನ್ನೂ ತೆಗೆಸಿದರು! ಕನ್ನಡ ನೆಲದಲ್ಲಿ ಕನ್ನಡಕ್ಕೆ ಎರಡಿಂಚು ಜಾಗವಿಲ್ಲ!

ಮಲ್ಲಿಕಾರ್ಜುನ ಮನ್ಸೂರ ಯಾರು? ಜೈಪುರ-ಅತ್ರೌಲಿ ಘರಾಣೆಯ ದಿಗ್ಗಜ, 1992ರ ಪದ್ಮವಿಭೂಷಣ ಎನ್ನುತ್ತೀರಿ. ನಿಜ. ಧಾರವಾಡದ ಹತ್ತಿರದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಹುಡುಗ ಮಿರಜದ ನೀಲಕಂಠಬುವಾ ಅವರಲ್ಲಿ, ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಕಲಿತು ದೇಶವನ್ನೇ ಗೆದ್ದ. ಆ ದೊಡ್ಡ ವಿದ್ಯೆಯನ್ನು ಆತ ಕನ್ನಡದ ವಚನಕ್ಕೂ ಧಾರೆ ಎರೆದ. ಅದನ್ನು ಎಷ್ಟು ಜನ ಮನಸ್ಸಿಟ್ಟು ಕೇಳಿದ್ದೇವೆ?

ವಚನ ಹಾಡುವುದು ಸಣ್ಣ ಕೆಲಸ ಅಂತ ತಿಳಿಯಬೇಡ್ರಿ. ಖಯಾಲಿನ ಚೀಜು ಹೆಚ್ಚಾಗಿ ಬ್ರಜ್ ಭಾಷೆಯ ನಾಲ್ಕಾರು ಸಾಲು. ಮಾತನ್ನು ಎಷ್ಟು ಎಳೆದರೂ ನಡೆಯುತ್ತದೆ. ವಚನಕ್ಕೆ ಛಂದಸ್ಸಿಲ್ಲ. ಒಂದು ಸಾಲಿಗೆ ಮೂರು ಮಾತು, ಮುಂದಿನದಕ್ಕೆ ಹತ್ತು. ತಬಲಾದ ಆವರ್ತನವೋ ಬದಲಾಗುವುದಿಲ್ಲ. ತಾಳವೂ ತಪ್ಪಬಾರದು, ಅರ್ಥವೂ ಮುರಿಯಬಾರದು. ಅಕ್ಕಮಹಾದೇವಿಯ ಕನಸಿನ ವಚನವನ್ನು ಮನ್ಸೂರರು ಹಾಡಿದ್ದನ್ನು ಕೇಳಿರಿ. ಮಾತು ಮಾತೂ ತಿಳಿಯುತ್ತದೆ.

ಮಗ ರಾಜಶೇಖರ ಮನ್ಸೂರ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಹಗಲು ಇಂಗ್ಲಿಷ್ ಪಾಠ, ವೇದಿಕೆಯಲ್ಲಿ ಅಪ್ಪನ ಹಿಂದೆ ಕೂತು ದನಿಗೂಡಿಸುವ ಸೇವೆ. ವಚನವೂ ಅಪ್ಪನಿಂದ ಅವರ ಕಂಠಕ್ಕೆ ಬಂತು. ಅಪ್ಪನ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನು ಇಂಗ್ಲಿಷಿಗೆ ತಂದವರೂ ಅವರೇ. 2022ರಲ್ಲಿ ತೀರಿಕೊಂಡರು. ಅಪ್ಪನ ವಚನವನ್ನೇ ಮರೆತವರು ಮಗನದನ್ನು ಕೇಳುವುದು ಯಾವಾಗ?

ಇದರಲ್ಲಿ ನಮ್ಮ ಊರಿನ ಪಾಲೂ ಇದೆ. ವಚನಗಳನ್ನು ಓಲೆಗರಿಯಿಂದ ಅಚ್ಚಿಗೆ ತರಲು ಫ.ಗು. ಹಳಕಟ್ಟಿಯವರು ಬದುಕನ್ನೇ ಸವೆಸಿದ್ದು ಇದೇ ವಿಜಯಪುರದಲ್ಲಿ. 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮಾರನೆಯ ವರ್ಷ ‘ಶಿವಾನುಭವ’ ಪತ್ರಿಕೆ! ಒಂದೊಂದೇ ಮೊಳೆ ಜೋಡಿಸಿ ಪುಟ ಕಟ್ಟುವ ಕಾಲ ಅದು. ಆ ಕಷ್ಟ ಪ್ರೆಸ್ಸಿನವನಿಗೆ ಗೊತ್ತು. ಇಲ್ಲಿ ಅಚ್ಚಾದದ್ದಕ್ಕೆ ಧಾರವಾಡದಲ್ಲಿ ದನಿ ಬಂತು. ಕೇಳುವ ಕಿವಿ ಮಾತ್ರ ಎರಡೂ ಊರಲ್ಲಿ ಕಡಿಮೆಯಾಯಿತು.

ನಾಮಫಲಕ ಕನ್ನಡದಲ್ಲಿರಲಿ ಎಂದು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಅದೇ ಬೀದಿಯ ಗಣಪತಿ ಮುಂದೆ ಡಾಲ್ಬಿ ಹಚ್ಚಿ ಯಾವ ಭಾಷೆಗೆ ಕುಣಿಯುತ್ತೇವೆ?

ತಿಕೋಟಾ, ಬಬಲೇಶ್ವರದಿಂದ ಬಸ್ಸು ಹತ್ತಿ ಕಾಲೇಜಿಗೆ ಬರುವ ತಮ್ಮಂದಿರೇ, ನಿಮ್ಮೂರ ಭಜನೆಯ ಹಿರಿಯರಿಗೆ ಮೊಬೈಲಿನಲ್ಲಿ ಈ ಅಪ್ಪ-ಮಗನ ವಚನ ಕೇಳಿಸಿರಿ. ಕಚೇರಿಗೆ ಹೋದರೆ, ಜನ ಚಪ್ಪಲಿ ಹುಡುಕುವ ಹೊತ್ತಿಗಲ್ಲ, ನಡುವೆಯೇ ವಚನ ಬೇಕೆಂದು ಚೀಟಿ ಕಳಿಸಿರಿ. ಈ ಸಲ ಗಣಪತಿ ಮಂಡಳಿಯಲ್ಲಿ ಡಾಲ್ಬಿಗಿಂತ ಮೊದಲು ಒಂದು ತಾಸು ವಚನ ಗಾಯನ ಇಡುವವರು ನನ್ನ ಪ್ರೆಸ್ಸಿಗೆ ಬನ್ನಿರಿ. ಐದುನೂರು ಹ್ಯಾಂಡ್‌ಬಿಲ್ ಪುಕ್ಕಟೆ. ವಚನಕಾರರ ಹೆಸರು ಮಾತ್ರ ದಪ್ಪಕ್ಷರದಲ್ಲಿ, ಮೇಲೆ.