ದೇವಸ್ಥಾನದ ಫೋಟೋ, ನಮ್ಮೂರವರ ಫೋಟೋ

(ಸಂಘದ ಬೆಳ್ಳಿಹಬ್ಬದ ದಿನ ಮಧ್ಯಾಹ್ನ ಮಾಡಿದ ಭಾಷಣದ ಬರಹ ರೂಪ)



ಇಂಥ ಸಮಾರಂಭಗಳಲ್ಲಿ ನಮ್ಮ ಜಾಗ ವೇದಿಕೆಯ ಕೆಳಗೆ. ಹಾರ ಹಾಕುವಾಗ "ಸಾರ್, ಸ್ವಲ್ಪ ಈ ಕಡೆ ನೋಡಿ" ಅಂತ ಕೂಗಿ, ಆಮೇಲೆ ಊಟದ ಪಂಕ್ತಿಯಲ್ಲಿ ಕೊನೆಗೆ ಕೂರುವವರು ನಾವು. ಮೈಕು ನಮ್ಮ ಕೈಗೆ ಬಂದಿದ್ದು ಇದೇ ಮೊದಲು. ನಾವು ಅಂದರೆ ಅಣ್ಣ ತಮ್ಮ ಇಬ್ಬರು. ತರೀಕೆರೆ ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡವರು. ಒಬ್ಬರು ಇಲ್ಲಿ ಮಾತಾಡುತ್ತಿದ್ದರೆ ಇನ್ನೊಬ್ಬರು ಅಭ್ಯಾಸಬಲದಿಂದ ಅಲ್ಲೇ ಕೆಳಗೆ ಕ್ಯಾಮೆರಾ ಹಿಡಿದು ನಿಂತಿದ್ದಾರೆ, ನೋಡಿ. ಮಾತಿನಲ್ಲಿ ತಪ್ಪಿದ್ದರೆ ಇಬ್ಬರದೂ ಅಂತ ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಾರ್ಯದರ್ಶಿಗಳು ಕೊಟ್ಟ ವಿಷಯ "ನಮ್ಮ ಭಾಗದ ಪುಣ್ಯಕ್ಷೇತ್ರಗಳು ಮತ್ತು ಫೋಟೋಗ್ರಫಿ". ಕ್ಷೇತ್ರ ಅಂದರೆ ನಮಗೆ ಮೊದಲು ಅಮೃತಾಪುರ. ತರೀಕೆರೆಯಿಂದ ಅರ್ಧ ಗಂಟೆ ದಾರಿ. ನೀವೆಲ್ಲ ಹುಟ್ಟಿದಾಗಿನಿಂದ ನೋಡಿದ ಗುಡಿ. ಹಾಗಾಗಿ ಅದರ ಬಗ್ಗೆ ನಿಮಗೇ ಹೇಳುವುದು ಮಜ್ಜಿಗೆ ಮಾರುವವರಿಗೆ ಮೊಸರು ತೋರಿಸಿದ ಹಾಗೆ. ಆದರೂ ಕ್ಯಾಮೆರಾದ ಕಣ್ಣಿನಿಂದ ನಾಲ್ಕು ಮಾತು ಹೇಳುತ್ತೇವೆ.

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅದು. ಅಲ್ಲಿರುವ ದೊಡ್ಡ ಶಾಸನದ ಕವಿ ಜನ್ನ. ಯಶೋಧರ ಚರಿತೆ ಬರೆದ ಜನ್ನನೇ. ಮುಖಮಂಟಪದ ಹೊರಗೋಡೆಯ ಸುತ್ತ 140 ಫಲಕಗಳಲ್ಲಿ ಕಥೆ ಕೆತ್ತಿದ್ದಾರೆ. ದಕ್ಷಿಣದ ಕಡೆ 70 ಫಲಕ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ನಾವು ಮೊದಲ ಸಲ ಹೋದಾಗ ಪ್ರದಕ್ಷಿಣೆ ಬಂದ ಹಾಗೇ ಸಾಲಾಗಿ ಕ್ಲಿಕ್ಕಿಸುತ್ತಾ ಬಂದೆವು. ಪ್ರಿಂಟು ಹಾಕಿ ಜೋಡಿಸಿದರೆ ರಾಮಾಯಣ ಹಿಂದುಮುಂದು! ರೋಲು ತಿರುಗಾಮುರುಗಾ ಆಯ್ತಾ ಅಂತ ನೆಗೆಟಿವ್ ನೋಡಿದ್ದೂ ನೋಡಿದ್ದೇ. ಆಮೇಲೆ ತಿಳಿದವರು ಹೇಳಿದರು, ಅಲ್ಲಿ ರಾಮಾಯಣ ಅಪ್ರದಕ್ಷಿಣೆಯಾಗಿಯೇ ಸಾಗುತ್ತದಂತೆ. ಮಹಾಭಾರತ ಸರಿಯಾದ ದಿಕ್ಕಿಗಿದೆ. ಯಾಕೆ ಹೀಗೆ ಮಾಡಿದರೋ ಆ ಕುಟಿಗರನ್ನೇ ಕೇಳಬೇಕು.

ಫೋಟೋಕ್ಕೆ ಬೇಕಾದ್ದು ಕ್ಯಾಮೆರಾಕ್ಕಿಂತ ಬಿಸಿಲು. ಕೆತ್ತನೆಗೆ ಓರೆ ಬಿಸಿಲು ಬೀಳಬೇಕು. ಆಗ ಮೂಗಿನ ಪಕ್ಕ ನೆರಳು, ಸರದ ಕೆಳಗೆ ನೆರಳು ಬಂದು ಕಲ್ಲು ಎದ್ದು ಕೂರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕಾರಿಳಿದು ಹತ್ತು ಫೋಟೋ ಹೊಡೆದು ಹೋಗುವವರಿಗೆ ಸಿಗುವುದು ಚಪ್ಪಟೆ ಗೋಡೆ. ದಕ್ಷಿಣದ ಗೋಡೆಗೆ ಚಳಿಗಾಲದಲ್ಲಿ ಒಳ್ಳೆಯ ಬಿಸಿಲು. ಉತ್ತರದ ಗೋಡೆಯದೇ ಕಷ್ಟ. ಸೂರ್ಯ ಉತ್ತರಕ್ಕೆ ಸರಿದು ಅದಕ್ಕೆ ನೇರ ಬಿಸಿಲು ಬೀಳುವುದು ಏಪ್ರಿಲ್ ಕೊನೆಯಿಂದ. ಅಷ್ಟರಲ್ಲಿ ಮುಂಗಾರು ಬಂದು ಮೋಡ ಮುಚ್ಚುತ್ತದೆ. ಹಾಗಾಗಿ ಪಾಂಡವರ ಫೋಟೋ ಬೇಕೆಂದರೆ ಮೇ ತಿಂಗಳ ಬೆಳಿಗ್ಗೆ ಹೋಗಬೇಕು. ಇದು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಮೂರು ವರ್ಷ ಪೆಟ್ರೋಲು ಸುಟ್ಟು ಕಲಿತದ್ದು.

ಒಳಗಿನ ಛಾವಣಿಯ ಭುವನೇಶ್ವರಿಗಳಿಗೆ ಇನ್ನೊಂದು ಉಪಾಯ. ಫ್ಲಾಶ್ ಹಾಕಿದರೆ ಕಡೆದ ಕಂಬಗಳು ಥಳಥಳ ಹೊಳೆದು ಚಿತ್ರ ಕೆಡುತ್ತದೆ. ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಬಾಗಿಲಲ್ಲಿ ಒಬ್ಬ ಹುಡುಗನ ಕೈಗೆ ಕನ್ನಡಿ ಕೊಟ್ಟು, ಅದರ ಬೆಳಕನ್ನು ಒಳಗೆ ಹಾಸಿದ ಬಿಳಿ ಪಂಚೆಯ ಮೇಲೆ ಬೀಳಿಸುತ್ತಿದ್ದೆವು. ಆ ಮೆದು ಬೆಳಕು ಮೇಲೆ ಹೋಗಿ ಛಾವಣಿಯ ಹೂವು ಅರಳುತ್ತಿತ್ತು. ಕನ್ನಡಿ ಹಿಡಿದ ಹುಡುಗರಲ್ಲಿ ಒಬ್ಬರು ಇಂದು ಇದೇ ಸಂಘದ ನಿರ್ದೇಶಕರು, ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ.

ಆ ಛಾವಣಿಗಳಲ್ಲಿ ಕೆಲಸ ಮಾಡಿದವನು ಮಲ್ಲಿತಮ್ಮ ಎಂಬ ರೂವಾರಿ. ಅವನ ಕಸುಬು ಶುರುವಾದದ್ದೇ ಇಲ್ಲಿ ಅಂತ ವಿದ್ವಾಂಸರು ಹೇಳುತ್ತಾರೆ. ಆಮೇಲೆ ಎಷ್ಟೋ ಗುಡಿ ದಾಟಿ ಸೋಮನಾಥಪುರದಲ್ಲೂ ಅವನ ಹೆಸರಿದೆ. ಎಂಟುನೂರು ವರ್ಷದ ಹಿಂದಿನ ಒಬ್ಬ ಕೆಲಸಗಾರನ ಹೆಸರು ನಮಗೆ ಗೊತ್ತಿರುವುದು ಅವನು ಕಲ್ಲಿನ ಮೇಲೆ ಬರೆದಿಟ್ಟಿದ್ದರಿಂದ. ಇದನ್ನು ನೆನಪಿನಲ್ಲಿಡಿ, ಇದಕ್ಕೇ ತಿರುಗಿ ಬರುತ್ತೇವೆ.

ನಮ್ಮ ನಾಡಿನ ಗುಡಿಗಳಿಗೆ ಕ್ಯಾಮೆರಾ ಬಂದದ್ದು 1850ರ ದಶಕದಲ್ಲಿ. ಓಕ್ಲಿ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಹಳೇಬೀಡಿನ ಗುಡಿಯದೇ 56 ಫೋಟೋಗಳ ಪುಸ್ತಕವನ್ನು 1859ರಲ್ಲಿ ತಂದ. ಡಾಕ್ಟರ್ ನೀಲ್, ಡಾಕ್ಟರ್ ಪಿಗೌ, ಕರ್ನಲ್ ಬಿಗ್ಸ್ ಎಂಬುವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಆ ಕಾಲದ ಕ್ಯಾಮೆರಾ ಅಂದರೆ ಮರದ ಪೆಟ್ಟಿಗೆ, ಮದ್ದು, ಗುಡಾರ, ಹೊರಲು ಆಳುಗಳು. ಒಂದು ಚಿತ್ರಕ್ಕೆ ಎಷ್ಟೋ ಹೊತ್ತು ಅಲುಗಾಡದೆ ನಿಲ್ಲಬೇಕು. ಕಲ್ಲು ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ಅಲುಗಾಡಿದವರು ಹೊಗೆಯ ಹಾಗೆ ಬರುತ್ತಿದ್ದರು.

ಆ ಕಾಲದ ಗುಡಿಯ ಚಿತ್ರಗಳಲ್ಲಿ ಒಮ್ಮೊಮ್ಮೆ ಒಬ್ಬ ಮನುಷ್ಯ ಕಂಬದ ಪಕ್ಕ ನಿಂತಿರುತ್ತಾನೆ. ಪಂಚೆ, ತಲೆಗೊಂದು ರುಮಾಲು. ಅವನನ್ನು ಯಾಕೆ ನಿಲ್ಲಿಸುತ್ತಿದ್ದರು ಅಂದುಕೊಂಡಿರಿ? ಕಂಬ ಎಷ್ಟು ಎತ್ತರ ಅಂತ ನೋಡುವವರಿಗೆ ಗೊತ್ತಾಗಲಿ ಅಂತ, ಅಳತೆಗೆ! ಪುಸ್ತಕದಲ್ಲಿ ಗುಡಿಯ ಹೆಸರಿದೆ, ಫೋಟೋ ತೆಗೆದ ಸಾಹೇಬರ ಹೆಸರಿದೆ. ಅಳತೆಗೋಲಾಗಿ ನಿಂತವನ ಹೆಸರಿಲ್ಲ. ಅವನ ಮೊಮ್ಮಕ್ಕಳ ಮೊಮ್ಮಕ್ಕಳು ಆ ಸೀಮೆಯಲ್ಲೇ ಎಲ್ಲೋ ಇದ್ದರೂ ಇದು ನಮ್ಮಜ್ಜ ಅಂತ ಗುರುತು ಹಿಡಿಯುವ ಹಾಗಿಲ್ಲ.

ಸಾಹೇಬರನ್ನು ಬೈಯುವುದು ಸುಲಭ. ನಾವೇನು ಮಾಡಿದೆವು? ಒಂದು ವರ್ಷ ಕ್ಯಾಲೆಂಡರಿಗೆ ಅಮೃತಾಪುರದ ಚಿತ್ರ ಬೇಕು ಅಂತ ಒಬ್ಬರು ಕೇಳಿದರು. ಬೆಳಿಗ್ಗೆ ಆರೂವರೆಗೆ ಹೋದೆವು. ಬೆಳಕು ಬಂಗಾರ. ಒಬ್ಬ ಅಜ್ಜಿ ಗುಡಿಯ ಮುಂದೆ ಕಸ ಗುಡಿಸುತ್ತಿದ್ದರು. "ಅಜ್ಜಿ, ಒಂದೈದು ನಿಮಿಷ ಆಚೆ ಹೋಗಿ" ಅಂದೆವು. ಹುಲ್ಲಿನ ಗಾಡಿ ಬರುತ್ತಿತ್ತು, ಅದನ್ನೂ ತಡೆದೆವು. ಮೂರು ಹುಡುಗರು ಚೀಲ ಹಾಕಿಕೊಂಡು ಶಾಲೆಗೆ ಹೊರಟಿದ್ದರು, ಅವರನ್ನೂ ಓಡಿಸಿದೆವು. ಕ್ಯಾಲೆಂಡರ್ ಚೆನ್ನಾಗಿ ಬಂತು, ಹೊಗಳಿದರು, ದುಡ್ಡೂ ಬಂತು.

ಈಗ ಆ ನೆಗೆಟಿವ್ ನೋಡಿದರೆ ಏನಿದೆ? ಗುಡಿ ಇದೆ. ಗುಡಿ ಈಗಲೂ ಹಾಗೇ ಇದೆ. ಪುರಾತತ್ವ ಇಲಾಖೆಯವರು ಕಾಯುತ್ತಿದ್ದಾರೆ, ನಾಳೆ ಹೋಗಿ ತೆಗೆದರೂ ಅದೇ ಫೋಟೋ ಸಿಗುತ್ತದೆ. ಸಿಗದೇ ಇರುವುದು ಆ ಅಜ್ಜಿ, ಆ ಮರದ ಚಕ್ರದ ಗಾಡಿ, ಆ ಖಾಕಿ ಚಡ್ಡಿಯ ಹುಡುಗರು. ಉಳಿಯುವುದನ್ನು ತೆಗೆದುಕೊಂಡು ಹೋಗುವುದನ್ನು ಬಿಟ್ಟು ಬಂದೆವು.

ಹೀಗೆ ಬಿಟ್ಟದ್ದು ಒಂದಲ್ಲ. ಕಲ್ಲತ್ತಗಿರಿಯಲ್ಲಿ ವೀರಭದ್ರನ ಗುಡಿ ಮತ್ತು ಜಲಪಾತ ತೆಗೆದೆವು, ಜಾತ್ರೆಗೆ ನಡೆದುಕೊಂಡು ಬಂದವರನ್ನು ತೆಗೆಯಲಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಹೂವು, ಮಂಜು. ಅಜ್ಜಂಪುರದಲ್ಲಿ ಅಮೃತಮಹಲ್ ಹೋರಿಗಳ ಕೊಂಬು ತೆಗೆದೆವು, ಮೇಯಿಸುವವರ ಮುಖ ಬಿಟ್ಟೆವು. ಮನಸ್ಸಿಗೆ ಚುಚ್ಚಿದ್ದು ಮಾತ್ರ ಭದ್ರಾ ಕಾಡಿನದು. ಆ ದಿನಗಳಲ್ಲಿ ಲಕ್ಕವಳ್ಳಿ ಹಿನ್ನೀರಿನ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ಬಿಳಿ ಹಕ್ಕಿಗಳ ಫೋಟೋದ ಹುಚ್ಚು ನಮಗೂ ಹಿಡಿದಿತ್ತು. ನಮ್ಮ ಜಿಲ್ಲೆಯಲ್ಲಿ ತೇಜಸ್ವಿಯವರು ಹಕ್ಕಿಗಳ ಫೋಟೋ ತೆಗೆದು ದಾರಿ ತೋರಿಸಿದ್ದರಲ್ಲ, ನಮ್ಮಂಥವರೂ ಲೆನ್ಸಿಗೆ ಸಾಲ ಮಾಡಿದೆವು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. 2001-02ರ ಹೊತ್ತಿಗೆ ಕಾಡಿನೊಳಗಿನ ಊರುಗಳವರು ಹೊರಗೆ ಬಂದರು, ಬಹಳ ಜನ ನಮ್ಮ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ಅವರಲ್ಲೊಬ್ಬರು ಒಂದು ದಿನ ಅಂಗಡಿಗೆ ಬಂದು, "ನೀವು ಆ ಕಡೆಯೆಲ್ಲಾ ಓಡಾಡ್ತಿದ್ರಲ್ಲ, ನಮ್ಮನೆ ಅಂಗಳದ್ದು ಒಂದು ಫೋಟೋ ಇದ್ರೆ ಕೊಡಿ, ಎಷ್ಟಾದ್ರೂ ಕೊಡ್ತೀನಿ" ಅಂದರು. ಅವರ ಮನೆಯಲ್ಲಿ ಮಜ್ಜಿಗೆ ಕುಡಿದಿದ್ದೆವು, ಕಟ್ಟೆಯ ಮೇಲೆ ಕೂತು ರೋಲು ಬದಲಾಯಿಸಿದ್ದೆವು. ಒಂದೇ ಒಂದು ಫೋಟೋ ತೆಗೆದಿರಲಿಲ್ಲ. ಹಕ್ಕಿಗಳದು ನಾಲ್ಕು ರೋಲು ಇತ್ತು.

ಇನ್ನು ನಿಮ್ಮ ಸಂಘದ ವಿಚಾರಕ್ಕೆ ಬರೋಣ. ಇಪ್ಪತ್ತೈದು ವರ್ಷದ ಹಿಂದೆ ಸಂಘ ಶುರುವಾದಾಗ ಸದಸ್ಯತ್ವದ ಅರ್ಜಿಗೆ ಒಂದು, ಪಾಸ್‌ಬುಕ್ಕಿಗೆ ಒಂದು ಫೋಟೋ ಬೇಕು ಅಂದರು. ಎಲ್ಲರೂ ಪೇಟೆಗೆ ಬರುವುದು ಕಷ್ಟ ಅಂತ ನಮ್ಮನ್ನೇ ಕರೆಸಿದರು. ಶಾಲೆಯ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಮೇಷ್ಟ್ರ ಕುರ್ಚಿ ಹಾಕಿ, ಎರಡು ದಿನ ತೆಗೆದೆವು. ಗಂಡಸರು ಒಂದೇ ಅಂಗಿಯನ್ನು ಸರದಿ ಮೇಲೆ ಹಾಕಿಕೊಂಡು ಕೂತರು. ಆ ನೀಲಿ ಗೆರೆಯ ಅಂಗಿ ಎಷ್ಟು ಅರ್ಜಿಗಳಲ್ಲಿದೆಯೋ ಎಣಿಸಿ ನೋಡಿ! ಒಬ್ಬ ಅಮ್ಮ ಸೆರಗು ಸರಿಮಾಡಿಕೊಂಡು ಕೂತವರು ಗಟ್ಟಿಯಾಗಿ ಕೇಳಿದರು: "ಏನಪ್ಪಾ, ಸಾಲ ಕಟ್ಟದೇ ಓಡಿಹೋದ್ರೆ ಹುಡುಕಕ್ಕಾ ಇದು?" ಎಲ್ಲರೂ ನಕ್ಕರು. ಆ ನಗು ಬಾಯಲ್ಲಿರುವಾಗಲೇ ಕ್ಲಿಕ್ ಮಾಡಿಬಿಟ್ಟೆವು.

ಅವರು ತೀರಿಹೋದ ಮೇಲೆ ಮಗ ನಮ್ಮಲ್ಲಿಗೆ ಬಂದರು. ಮನೆಯಲ್ಲಿ ತಾಯಿಯ ಒಂದು ಫೋಟೋ ಇಲ್ಲ, ಹನ್ನೊಂದನೇ ದಿನದ ಒಳಗೆ ದೊಡ್ಡದು ಮಾಡಿಕೊಡಿ ಅಂದರು. ನೆಗೆಟಿವ್ ಹುಡುಕಿದೆವು. ಇಲ್ಲಿ ನಮ್ಮ ತಪ್ಪು ಒಪ್ಪಿಕೊಳ್ಳಬೇಕು. ಗುಡಿಯ ನೆಗೆಟಿವುಗಳನ್ನು ಕವರಿನಲ್ಲಿಟ್ಟು ಬೀರುವಿನಲ್ಲಿ ಜೋಪಾನ ಮಾಡಿದ್ದೆವು. ಪಾಸ್‌ಪೋರ್ಟ್ ಸೈಜಿನವನ್ನು ಬಿಸ್ಕೆಟ್ ಡಬ್ಬಕ್ಕೆ ತುರುಕಿ ಅಟ್ಟದ ಮೇಲೆ ಎಸೆದಿದ್ದೆವು. ಎರಡು ಮಳೆಗಾಲಕ್ಕೆ ಶೀತ ಹಿಡಿದು, ಒಂದಕ್ಕೊಂದು ಅಂಟಿ, ಬೂಸ್ಟು ಬಂದು, ಬಿಡಿಸಲು ಹೋದರೆ ಮುಖಗಳೇ ಕಿತ್ತು ಬಂದವು. ಪಾಸ್‌ಬುಕ್ಕೂ ಮನೆಯಲ್ಲಿ ಸಿಗಲಿಲ್ಲ. ಉಳಿದದ್ದು ಒಂದೇ, ನಿಮ್ಮ ಸಂಘದ ಫೈಲಿನ ಅರ್ಜಿಗೆ ಅಂಟಿಸಿದ್ದು.

ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿ ಫೈಲು ತೆಗೆದರು. ಫೋಟೋದ ಎಡ ಕಿವಿಯ ಮೇಲೆ ಸಂಘದ ಮೊಹರು ಬಿದ್ದಿತ್ತು. ಕಂಪ್ಯೂಟರಿನಲ್ಲಿ ಮೊಹರು ಅಳಿಸಿ, ಕಾಣದ ಓಲೆಯನ್ನು ಬೇರೆ ಯಾರದೋ ಫೋಟೋದಿಂದ ತಂದು ಕೂರಿಸಿದೆವು. ಬಹಳ ನಾಜೂಕಾಗಿ ಮಾಡಿದ್ದೇವೆ ಅಂತ ನಮಗೇ ಹೆಮ್ಮೆ. ಮಗಳು ಬಂದು ನೋಡಿದರು. ಒಂದು ಗಳಿಗೆ ಸುಮ್ಮನಿದ್ದು, "ಅಮ್ಮನ ಓಲೆ ಇದಲ್ಲ" ಅಂದರು. ಅಷ್ಟೇ. ನಮ್ಮ ಮುಖಕ್ಕೆ ಹೊಡೆದ ಹಾಗಾಯಿತು. ಮತ್ತೆ ಮೊದಲಿಂದ ಮಾಡಿದೆವು. ಈ ಸಲ ಮೊಹರು ಹಾಗೇ ಬಿಟ್ಟೆವು. ಅವರ ಮನೆಯ ಗೋಡೆಯ ಮೇಲೆ ಈಗಲೂ ಆ ಅಮ್ಮ ನಗುತ್ತಿದ್ದಾರೆ, ಕಿವಿಯ ಮೇಲೆ ನಿಮ್ಮ ಸಂಘದ ಅರ್ಧ ಹೆಸರು.

ಈಗ ಸಂಘದ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗುತ್ತಿದೆ, ಒಳ್ಳೆಯದೇ. ಹಳೆಯ ಅರ್ಜಿಗಳ ಕಟ್ಟುಗಳು ಗೊಬ್ಬರದ ಗೋಡೌನಿನ ಮೂಲೆಯಲ್ಲಿ ಕೂತಿವೆ. ಮೊನ್ನೆ ನಾವೇ ನೋಡಿದೆವು, ಕೆಳಗಿನ ಎರಡು ಕಟ್ಟಿಗೆ ಗೆದ್ದಲು ಹತ್ತಿದೆ. ಅವು ರದ್ದಿಗೆ ಹೋಗುವ ಮುಂಚೆ ನಮಗೆ ಒಂದು ವಾರ ಕೊಡಿ. ಆಡಳಿತ ಮಂಡಳಿಯವರಲ್ಲಿ ಇದೊಂದೇ ನಮ್ಮ ಅರಿಕೆ. ಇಲ್ಲೇ ಕೂತು, ಒಂದು ಹಾಳೆಯೂ ಹೊರಗೆ ಹೋಗದ ಹಾಗೆ, ಪ್ರತಿ ಮುಖವನ್ನೂ ನಕಲು ತೆಗೆದು, ಅರ್ಜಿಯಲ್ಲಿರುವ ಹೆಸರನ್ನೇ ಕೆಳಗೆ ಬರೆದು ಕೊಡುತ್ತೇವೆ. ಮನೆಯವರು ಕೇಳಿದರೆ ಮಾತ್ರ ಪ್ರತಿ. ಕೂಲಿ ಬೇಡ, ಕಾಗದದ ಖರ್ಚು ಕೊಟ್ಟರೆ ಸಾಕು. ಅದನ್ನೂ ಕೊಡದಿದ್ದರೆ ಮಧ್ಯಾಹ್ನದ ಊಟ ಹಾಕಿ.

ನಿಮ್ಮ ಮನೆಗಳಲ್ಲೂ ಮದುವೆ ಆಲ್ಬಮ್ಮುಗಳಿರುತ್ತವೆ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಮೆಲ್ಲಗೆ ಹೆಸರು, ಊರು, ವರ್ಷ ಬರೆಯಿರಿ. ಬಾಲ್‌ಪೆನ್ನು ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ. ಹಳೇ ಫೋಟೋವನ್ನು ಲ್ಯಾಮಿನೇಷನ್ ಮಾಡಿಸಲೇಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಅಂಟಿನ ಹಾಳೆಯ ಆಲ್ಬಮ್ಮೂ ಹಾಗೇ. ಮಕ್ಕಳ ಮೊಬೈಲಿನಲ್ಲಿ ಸಾವಿರ ಫೋಟೋ ಇವೆ ಅಂತ ಹೇಳಬೇಡಿ, ಮೊಬೈಲು ಕೆರೆಗೆ ಬಿದ್ದರೆ ಸಾವಿರವೂ ಕೆರೆಗೆ. ವರ್ಷಕ್ಕೆ ನಾಲ್ಕಾದರೂ ಕಾಗದಕ್ಕೆ ಹಾಕಿಸಿ. ನಮ್ಮ ಅಂಗಡಿಗೆ ಗಿರಾಕಿ ಮಾಡಿಕೊಳ್ಳಲು ಹೇಳುತ್ತಿದ್ದಾರೆ ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಹೌದು, ಅದೂ ಒಂದು ಕಾರಣ.

ಸಮಯ ಆಗಿದೆ ಅಂತ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ತಮ್ಮ ಆಗಲೇ ಸೊಸೈಟಿ ಕಟ್ಟಡದ ಮೆಟ್ಟಿಲ ಮುಂದೆ ಸ್ಟ್ಯಾಂಡ್ ಹಾಕಿದ್ದಾರೆ. ಪಡುವಣದ ಬಿಸಿಲು ಮೆಟ್ಟಿಲ ಮೇಲೆ ಇನ್ನು ಇಪ್ಪತ್ತು ನಿಮಿಷ ಇರುತ್ತದೆ. ಹಿರಿಯರು ಕುರ್ಚಿಯಲ್ಲಿ, ತಾಯಂದಿರು ಎರಡನೇ ಸಾಲಿನಲ್ಲಿ, ಮಕ್ಕಳು ಮುಂದೆ ನೆಲದ ಮೇಲೆ. ಅಡಿಗೆಯವರನ್ನೂ, ಗೋಡೌನಿನ ಹಮಾಲರನ್ನೂ ಕರೆಯಿರಿ. ಸಾಲಿನ ಪ್ರಕಾರ ಹೆಸರು ಬರೆದುಕೊಳ್ಳಲು ಪುಸ್ತಕ ತಂದಿದ್ದೇವೆ, ಹೆಸರು ಹೇಳದೆ ಯಾರೂ ಎದ್ದು ಹೋಗಬಾರದು. ಬನ್ನಿ.