ಹಬ್ಬದ ರಜೆಯೂ ಒಗಟಿನ ಪಾಠವೂ

(ಶತಮಾನೋತ್ಸವದ ಅಂಗವಾಗಿ ಸೇರಿದ್ದ ತಾಯಿತಂದೆಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರುಷ ತುಂಬಿದ ಈ ಸಂಭ್ರಮದಲ್ಲಿ ಅಗಲಿದ ಹಿರಿಯರನ್ನು ಸ್ಮರಿಸುವುದು ಎಷ್ಟು ಯುಕ್ತವೋ, ಮನೆಯಲ್ಲಿ ಬೆಳೆಯುತ್ತಿರುವ ಎಳೆಯರ ಕಡೆಗೆ ದೃಷ್ಟಿ ಹರಿಸುವುದೂ ಅಷ್ಟೇ ಯುಕ್ತ. ಆದುದರಿಂದ ಇಂದು ನಾವು ಒಂದು ಸಣ್ಣ ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಹಬ್ಬದ ರಜೆಯಲ್ಲಿ ನಮ್ಮ ಮಕ್ಕಳ ಓದು ಮತ್ತು ಲೆಕ್ಕ ಮಾಸಿಹೋಗದಂತೆ ಕಾಪಾಡುವುದು ಹೇಗೆಂಬುದೇ ಆ ವಿಷಯ.

ರಜೆ ಬೇಕು. ಆಟವಿಲ್ಲದ ಬಾಲ್ಯ ಬಾಲ್ಯವೇ ಅಲ್ಲ. ಆದರೆ ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುವಂತೆ ಬಳಸದ ವಿದ್ಯೆಯೂ ಮಂಕಾಗುತ್ತದೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಅವರ ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಅಲ್ಲಿನ ದೀರ್ಘ ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ. ಓದಿಗಿಂತ ಗಣಿತದಲ್ಲಿ ಈ ನಷ್ಟ ಹೆಚ್ಚು. ಓದಿನಲ್ಲಿಯಾದರೋ ಬಡವರ ಮನೆಯ ಮಕ್ಕಳೇ ಹೆಚ್ಚು ಕಳೆದುಕೊಳ್ಳುತ್ತಾರೆ. ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯು 2024ರಲ್ಲಿ ಕಂಡುಕೊಂಡಂತೆ, ಗ್ರಾಮೀಣ ಭಾರತದಲ್ಲಿ ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಸುಮಾರು 27 ಮಂದಿ. ದಶಕ ಸಾಲ ಪಡೆದು ಕಳೆಯುವ ಲೆಕ್ಕವನ್ನು ಮಾಡಬಲ್ಲವರು ಸುಮಾರು 34 ಮಂದಿ.

ಈ ಅಂಕಿಗಳು ಯಾರೋ ಪರರ ಮಕ್ಕಳವೆಂದು ನಾವು ನೆಮ್ಮದಿಯಿಂದಿರಬಾರದು. ಓದಲು ಬಾರದ ಮಗು ಬಹು ಜಾಣತನದಿಂದ ಅದನ್ನು ಮರೆಮಾಚುತ್ತದೆ. ಪ್ರಾರ್ಥನೆಗಳೆಲ್ಲ ಅದಕ್ಕೆ ಬಾಯಿಪಾಠ. ಪುಸ್ತಕವನ್ನು ಕೈಯಲ್ಲಿ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತಾ, ಎಲ್ಲರೊಡನೆ ದನಿಗೂಡಿಸುತ್ತದೆ. ನೋಡುವವರು ಓದುತ್ತಿದೆಯೆಂದೇ ತಿಳಿಯುತ್ತಾರೆ. ಹಾಳೆ ತಿರುಗಿಸಿ ಹೊಸದೊಂದು ವಾಕ್ಯವನ್ನು ತೋರಿಸಿದಾಗ ಮಾತ್ರ ಮುಖ ಬಾಡುತ್ತದೆ. ಅಂತಹ ಮಗುವನ್ನು ನಾಲ್ವರ ಎದುರು ನಿಲ್ಲಿಸಿ ಪರೀಕ್ಷಿಸಿದರೆ ಅದು ಪುಸ್ತಕವನ್ನೇ ದ್ವೇಷಿಸೀತು. ಹಾಗಾದರೆ ನೋಯಿಸದೆ ಕಲಿಸುವ ದಾರಿ ಯಾವುದು? ಒಗಟಿನ ದಾರಿ ಎಂಬುದೇ ನಮ್ಮ ಉತ್ತರ.

ಇದು ಹೊಸ ಉಪಾಯವಲ್ಲ. ಚಕ್ರವರ್ತಿ ಷಾರ್ಲಮೇನನ ಆಸ್ಥಾನದ ಶಾಲೆಯನ್ನು ನಡೆಸಿದ, 804ರಲ್ಲಿ ದೈವಾಧೀನನಾದ ಅಲ್ಕ್ವಿನ್ ಎಂಬ ಧರ್ಮಸಭೆಯ ವಿದ್ವಾಂಸನು ಎಳೆಯರ ಬುದ್ಧಿಯನ್ನು ಹರಿತಗೊಳಿಸಲು ಲೆಕ್ಕದ ಒಗಟುಗಳ ಸಂಗ್ರಹವೊಂದನ್ನು ರಚಿಸಿದನೆಂದು ಹೇಳುತ್ತಾರೆ. ತೋಳ, ಆಡು, ಕೋಸನ್ನು ದೋಣಿಯಲ್ಲಿ ದಾಟಿಸುವ ಸಮಸ್ಯೆ ಅದರಲ್ಲಿದೆ. ನಮ್ಮ ಅಜ್ಜಿಯರು ಹುಲಿ, ಹಸು, ಹುಲ್ಲಿನ ಹೊರೆ ಎಂದು ಕೇಳುತ್ತಿದ್ದುದೂ ಇದನ್ನೇ ಅಲ್ಲವೆ! ಅದೇ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಎಡದಿಂದಲೂ ಬಲದಿಂದಲೂ ಒಂದೇ ತೆರನಾಗಿ ಕಾಣುವ, ಕೊರಳ ಹಾರದಂತಹ ಗುಣಲಬ್ಧಗಳನ್ನು ಅವನು ಅಲ್ಲಿ ಕೊಟ್ಟಿದ್ದಾನೆ. ಕಲಿಕೆಯಲ್ಲಿ ಕುತೂಹಲವಿರಬೇಕೆಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು.

ಒಗಟಿನ ಹೆಚ್ಚುಗಾರಿಕೆ ಏನೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ. ಒಂದು ಕಾಗದದಲ್ಲಿ ಮೂರು ಲೆಕ್ಕಗಳನ್ನು ಬರೆಯಿರಿ: 20ರಲ್ಲಿ 8 ಕಳೆ, 42ರಲ್ಲಿ 27 ಕಳೆ, 9ಕ್ಕೆ 9 ಕೂಡು. ಕೆಳಗೆ ಒಂದು ಕೀಲಿಯನ್ನು ಕೊಡಿ: 12 ಎಂದರೆ ‘ನ’, 15 ಎಂದರೆ ‘ಕ್ಷ’, 18 ಎಂದರೆ ‘ತ್ರ’, 25 ಎಂದರೆ ‘ಲಿ’. ಸರಿಯಾಗಿ ಮಾಡಿದ ಮಗುವಿಗೆ ‘ನಕ್ಷತ್ರ’ ದೊರೆಯುತ್ತದೆ. ದಶಕದ ಸಾಲ ತಿಳಿಯದ ಮಗು 7ರಲ್ಲಿ 2 ಕಳೆದು 5, 4ರಲ್ಲಿ 2 ಕಳೆದು 2 ಎಂದು 25 ಬರೆಯುತ್ತದೆ. ಆಗ ಅದಕ್ಕೆ ಸಿಗುವುದು ‘ನಲಿತ್ರ’! ಅಂತಹ ಮಾತು ಯಾವ ಮನೆಯಲ್ಲಿಯೂ ಇಲ್ಲ. ಮಗು ತಾನೇ ನಕ್ಕು, ತಾನೇ ಹಿಂದಿರುಗಿ, ತಾನೇ ತಿದ್ದಿಕೊಳ್ಳುತ್ತದೆ. ಕೆಂಪು ಶಾಯಿ ಬೇಕಾಗುವುದಿಲ್ಲ, ಬೈಗುಳವೂ ಬೇಕಾಗುವುದಿಲ್ಲ. 25 ಬಂದುದನ್ನು ಕಂಡ ತಾಯಿಗೆ ಮಗು ಎಡವಿದ್ದು ಎಲ್ಲಿ ಎಂಬುದೂ ತಿಳಿಯುತ್ತದೆ. ಮರುದಿನ ಹುಣಸೆಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿ, ಒಂದು ಗುಂಪನ್ನು ಒಡೆದು ತೋರಿಸಿದರೆ ಸಾಕು.

ನಮ್ಮ ಹಬ್ಬಗಳಲ್ಲಿ ಲೆಕ್ಕಕ್ಕೇನು ಕೊರತೆ! ಒಂದನೆಯ, ಎರಡನೆಯ ತರಗತಿಯವರು ಕ್ರಿಸ್ತಜಯಂತಿಗೆ ಇನ್ನೆಷ್ಟು ದಿನವೆಂದು ಪ್ರತಿ ಸಂಜೆ ಎಣಿಸಲಿ. ಐದು ಹತ್ತುಗಳು ಮತ್ತು ಆರಂಭದ ಮೂರು ಸೇರಿ ಜಪಸರದಲ್ಲಿ ‘ನಮೋ ಮರಿಯ’ದ ಮಣಿಗಳು 53 ಎಂಬುದನ್ನು ಮೂರನೆಯ ತರಗತಿಯವರು ಎಣಿಸದೆಯೇ ಕಂಡುಹಿಡಿಯಲಿ. ತಟ್ಟೆಯಲ್ಲಿ 50 ರೋಸ್ ಕುಕ್ಕಿಗಳಿವೆ. ನೆರೆಯ 8 ಮನೆಗಳಿಗೆ ಸಮನಾಗಿ ಹಂಚಬೇಕು. ಮನೆಗೆ 6ರಂತೆ ಕೊಟ್ಟರೆ 2 ಉಳಿಯುತ್ತವೆ. ಭಾಗಾಕಾರದಲ್ಲಿ ಶೇಷವೆಂದರೇನೆಂದು ಆ ಎರಡು ಕುಕ್ಕಿಗಳನ್ನು ತಿಂದ ಮಗು ಎಂದಿಗೂ ಮರೆಯಲಾರದು.

ತಪಸ್ಸು ಕಾಲ ನಲವತ್ತು ದಿನವೆನ್ನುತ್ತೇವೆ. 2026ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 18ರಂದು, ಪಾಸ್ಕ ಹಬ್ಬ ಏಪ್ರಿಲ್ 5ರಂದು. ಪವಿತ್ರ ಶನಿವಾರದವರೆಗೆ ಎಣಿಸಿದರೆ 11, 31, 4 ಸೇರಿ 46 ದಿನಗಳಾಗುತ್ತವೆ. ಹೆಚ್ಚಿನ ಆರು ಎಲ್ಲಿಂದ ಬಂದವು? ಕ್ಯಾಲೆಂಡರನ್ನು ಮಗುವಿನ ಕೈಗೆ ಕೊಡಿರಿ. ನಡುವಿನ ಆರು ಭಾನುವಾರಗಳನ್ನು ಉಪವಾಸದ ಎಣಿಕೆಯಿಂದ ಬಿಟ್ಟಿರುವುದನ್ನು ಅದು ತಾನೇ ಕಾಣಲಿ. ಐದನೆಯ ತರಗತಿಯ ಚುರುಕಾದವರಿಗೆ ಯೊವಾನ್ನರ ಶುಭಸಂದೇಶದ 153 ಮೀನುಗಳಿವೆ. 1ರಿಂದ 17ರವರೆಗಿನ ಸಂಖ್ಯೆಗಳನ್ನೆಲ್ಲ ಕೂಡಿದರೆ 153 ಆಗುವುದನ್ನು ಸಂತ ಅಗಸ್ಟೀನರು ಆ ಕಾಲದಲ್ಲೇ ಗಮನಿಸಿದ್ದರು.

ಇನ್ನು ಓದಿನ ಮಾತು. ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯ ದೃಶ್ಯವನ್ನು ಏರ್ಪಡಿಸಿದಂದಿನಿಂದ ಗೋದಲಿ ಓದುಬಾರದವರ ಪುಸ್ತಕವಾಗಿ ಬಂದಿದೆ. ಅದನ್ನೇ ನಾವು ಓದು ಕಲಿಸುವ ಪುಸ್ತಕವನ್ನಾಗಿ ಮಾಡಬಹುದು. ಗೋದಲಿಯ ಬೊಂಬೆಗಳನ್ನು ಸಾಲಾಗಿ ಇಟ್ಟು ಮಕ್ಕಳನ್ನು ಕೇಳಿರಿ: ಇವರಲ್ಲಿ ಮತ್ತಾಯರು ಹೇಳಿದವರು ಯಾರು, ಲೂಕರು ಹೇಳಿದವರು ಯಾರು, ಇಬ್ಬರೂ ಹೇಳದವರು ಯಾರು? ಎರಡೂ ಶುಭಸಂದೇಶಗಳ ಮೊದಲ ಎರಡು ಅಧ್ಯಾಯಗಳನ್ನು ಓದದೆ ಇದಕ್ಕೆ ಉತ್ತರವಿಲ್ಲ. ಕುರುಬರು ಲೂಕರಲ್ಲಿ ಮಾತ್ರ; ನಕ್ಷತ್ರವೂ ಜ್ಞಾನಿಗಳೂ ಮತ್ತಾಯರಲ್ಲಿ ಮಾತ್ರ. ಎತ್ತು, ಕತ್ತೆಗಳು ಇಬ್ಬರಲ್ಲಿಯೂ ಇಲ್ಲ. ಅವನ್ನು ಹುಡುಕುವವರು ಯೆಶಾಯನ ಪ್ರವಾದನೆಯ ಮೊದಲ ಅಧ್ಯಾಯಕ್ಕೆ ಹೋಗಬೇಕು. ಜ್ಞಾನಿಗಳು ಎಷ್ಟು ಮಂದಿ ಎಂದರೆ ಎಲ್ಲರೂ ‘ಮೂವರು’ ಎಂದು ಕೂಗುತ್ತಾರೆ. ಆದರೆ ಮತ್ತಾಯರು ಸಂಖ್ಯೆಯನ್ನು ಹೇಳಿಯೇ ಇಲ್ಲ, ಕಾಣಿಕೆಗಳು ಮಾತ್ರ ಮೂರು. ಕೇಳಿದ್ದಕ್ಕೂ ಬರೆದದ್ದಕ್ಕೂ ಅಂತರವಿದೆಯೆಂದು ಕಂಡುಕೊಂಡ ಮಗು ನಿಜವಾದ ಓದುಗನಾಗಲು ತೊಡಗುತ್ತದೆ. ಬಾಯಿಪಾಠದ ಹಿಂದೆ ಅಡಗಿದ್ದ ಮಗುವೂ ಗೆಳೆಯರ ಪಕ್ಕದಲ್ಲಿ ಕುಳಿತು, ಯಾರೂ ಬೊಟ್ಟು ಮಾಡದೆ, ಒಂದೊಂದೇ ಸಾಲನ್ನು ಬಿಡಿಸಿ ನೋಡುತ್ತದೆ.

ಅಕ್ಷರ ಗಟ್ಟಿಯಾಗದವರಿಗೆ ಪದಬಂಧ ಒಳ್ಳೆಯದು. ಕನ್ನಡದ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ, ಅದರ ಕಾಗುಣಿತವೂ ಒತ್ತೂ ಅದೇ ಮನೆಯಲ್ಲಿ. ‘ಗೋದಲಿ’ಗೆ ಮೂರು ಮನೆ, ‘ನಕ್ಷತ್ರ’ಕ್ಕೂ ಮೂರೇ ಮನೆ. ಒತ್ತಕ್ಷರವನ್ನು ಬಿಡಿಸಿ ಬರೆದವರಿಗೆ ಮನೆ ಸಾಲದೆ ತಪ್ಪು ತಾನಾಗಿ ತಿಳಿಯುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಇದು ಇನ್ನೂ ಅಗತ್ಯ. ಪೀಠದ ಬಳಿ ನಿಂತು ಕನ್ನಡದ ವಾಚನವನ್ನು ತಡವರಿಸದೆ ಓದುವವರು ಮುಂದೆಯೂ ಬೇಕಲ್ಲವೆ?

ಕೆಲವು ಎಚ್ಚರಿಕೆಯ ಮಾತುಗಳು. ನಕ್ಷತ್ರಕ್ಕೆ ಬಣ್ಣ ಬಳಿಸಿದ ಮಾತ್ರಕ್ಕೆ ಲೆಕ್ಕ ಬಾರದು. ಹಬ್ಬದ ಚಿತ್ರದ ಹಿಂದೆ ಒಂದು ನಿಜವಾದ ಪ್ರಶ್ನೆ ಇರಬೇಕು. ಹೊಸ ಪಾಠವನ್ನು ರಜೆಯಲ್ಲಿ ಹೇರಬಾರದು. ಕಲಿತದ್ದನ್ನೇ ಮನನ ಮಾಡಿಸಬೇಕು. ದಿನಕ್ಕೆ ಕಾಲು ಗಂಟೆ ಸಾಕು. ಮೊದಲು ಬಿಡಿಸಿದವರಿಗೆ ಬಹುಮಾನವೆಂದರೆ ನಿಧಾನಿಗಳು ಕೈಚೆಲ್ಲುತ್ತಾರೆ. ಅಕ್ಕ ತಮ್ಮನಿಗೆ ಸುಳಿವು ಕೊಡಲಿ, ಉತ್ತರ ಕೊಡಬಾರದು. ಓದುಬಾರದ ತಾಯಂದಿರು ಹಿಂಜರಿಯಬೇಕಾಗಿಲ್ಲ. ಒಗಟು ಹೇಳಲು ಅಕ್ಷರ ಬೇಕಿಲ್ಲ, ಮಗು ಓದುವಾಗ ಪಕ್ಕದಲ್ಲಿ ಕುಳಿತು ಆಲಿಸಲು ಪದವಿಯೂ ಬೇಕಿಲ್ಲ.

ಬರುವ ಕ್ರಿಸ್ತಜಯಂತಿಯ ರಜೆಯಿಂದಲೇ ಇದನ್ನು ಆರಂಭಿಸೋಣ. ಪ್ರತಿ ವಾಡೆಯಲ್ಲಿಯೂ ಒಂದು ಮನೆಯ ಜಗಲಿ, ಹಳೆಯ ಕ್ಯಾಲೆಂಡರಿನ ಬೆನ್ನು, ಒಂದು ಹಿಡಿ ಹುಣಸೆಬೀಜ, ಮೇಲಿನ ತರಗತಿಯ ಇಬ್ಬರು ಹುಡುಗ ಹುಡುಗಿಯರು ಇಷ್ಟಿದ್ದರೆ ಸಾಕು. ನೆರೆಮನೆಯ ಮಕ್ಕಳು ಯಾವ ಮತದವರಾದರೂ ಅವರನ್ನೂ ಕರೆಯೋಣ. ನಮ್ಮ ಹಿರಿಯರು ಕಲ್ಲುಮಣ್ಣು ಹೊತ್ತು ಈ ಆಲಯವನ್ನು ಕಟ್ಟಿದರು. ಇದರೊಳಗೆ ಕುಳಿತು ಪುಸ್ತಕ ತೆರೆದು ತಾನೇ ಓದಬಲ್ಲ ಒಂದು ಪೀಳಿಗೆಯನ್ನು ಕಟ್ಟುವುದು ನಮ್ಮ ಪಾಲಿನ ಕೆಲಸ.